ಕಾರ್ಡಿನ ಮೇಲೆ ಹತ್ತು ಸಾವಿರ

ಆ ಕಾರ್ಡಿನ ಮೇಲೆ ಹತ್ತು ಸಾವಿರ ಅಂತ ಬರೆದವನು ನಾನೇ. ಇನ್ನೊಬ್ಬರ ತಲೆ ಮೇಲೆ ಹಾಕೋ ಹಾಗಿಲ್ಲ. ನಾಯಂಡಹಳ್ಳಿ ಸರ್ಕಲ್ಲಿಂದ ಸ್ವಲ್ಪ ಒಳಗೆ, ಮರದ ಡಿಪೋ ಪಕ್ಕ ನನ್ನ ಶೆಡ್ಡು. ಇಪ್ಪತ್ತು ವರ್ಷದಿಂದ ಕಾರು, ವ್ಯಾನು ಬಿಚ್ಚಿ ಕಟ್ತಾ ಇದೀನಿ. ಮುನಿರಾಮಯ್ಯ ಮುಟ್ಟಿದ ಇಂಜಿನ್ ದಾರೀಲಿ ನಿಲ್ಲಲ್ಲ ಅಂತ ಜನ ಹೇಳ್ತಿದ್ರು. ಅದನ್ನ ಕೇಳಿ ಮೀಸೆ ತಿರುವಿಕೊಂಡಿದ್ದೂ ಉಂಟು. ಥೂ, ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ನನ್ನ ಶೆಡ್ಡಲ್ಲಿ ಒಂದು ಪದ್ಧತಿ. ಎಣ್ಣೆ ಬದಲಾಯಿಸಿದ ಮೇಲೆ ರಟ್ಟಿನ ಕಾರ್ಡಲ್ಲಿ ಎರಡು ಅಂಕಿ ಬರೀತೀನಿ. ಈಗ ಮೀಟರಲ್ಲಿ ಎಷ್ಟು ಕಿಲೋಮೀಟರ್ ಆಗಿದೆ, ಮುಂದಿನ ಎಣ್ಣೆ ಎಷ್ಟಕ್ಕೆ. ದಾರ ಕಟ್ಟಿ ಒಳಗಿನ ಕನ್ನಡಿಗೆ ನೇತುಹಾಕ್ತೀನಿ. ಮುಕ್ಕಾಲು ಪಾಲು ಜನ ಆಮೇಲೆ ಅದನ್ನ ತಿರುಗಿ ನೋಡಲ್ಲ. ಎಣ್ಣೆ ಡಾಂಬರ್ ಆದಮೇಲೆ ಬಂದು ಹಲ್ಲು ಕಿರೀತಾರೆ, ನಾನು ಬೈತೀನಿ, ಅವರು ಕೇಳಿಸ್ಕೊಳ್ತಾರೆ, ಅಲ್ಲಿಗೆ ಮುಗೀತು. ಹೇಳಿದ ಅಂಕಿಗೆ ಹೇಳಿದ ಹಾಗೆ ಬರ್ತಿದ್ದವಳು ಸತ್ಯವತಿ ಒಬ್ಬಳೇ.

ಆಯಮ್ಮನ ಗಂಡ ಗಂಗಾಧರಯ್ಯ ಒಂದು ಓಮ್ನಿ ವ್ಯಾನ್ ಇಟ್ಕೊಂಡು ಬಸವೇಶ್ವರನಗರದಿಂದ ವಿಜಯನಗರದ ಸ್ಕೂಲಿಗೆ ಮಕ್ಕಳನ್ನ ಬಿಡ್ತಿದ್ದ. ನನಗೆ ಬೇಕಾದವನು. ಎರಡು ಸಾವಿರದ ಮೂರರಲ್ಲಿ ಜಾಂಡೀಸ್ ಬಂದು ಹೋಗ್ಬಿಟ್ಟ. ಗಾಡಿ ಮಾರಿಬಿಡ್ತಾಳೆ ಅಂತ ಎಲ್ರೂ ಅಂದ್ಕೊಂಡಿದ್ರೆ, ಆಯಮ್ಮ ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸ್ಕೊಂಡು, ಅದೇ ಸೀಟಲ್ಲಿ ಬಂದು ಕೂತ್ಲು. ಮೊದಲನೇ ಸಲ ನನ್ನ ಶೆಡ್ಡಿಗೆ ಬಂದಾಗ ಒಳಗೆ ತರೋಕೆ ಧೈರ್ಯ ಸಾಲದೆ ಗೇಟ್ ಹತ್ರಾನೇ ಗಾಡಿ ನಿಲ್ಲಿಸ್ಬಿಟ್ಲು. "ನಾನಿದೀನಿ ಬಾರಮ್ಮ. ಓಡ್ಸೋದು ನಿಂದು, ಇಂಜಿನ್ ಚಿಂತೆ ನಂದು" ಅಂದೆ. ಆಡೋಕೇನು, ಆಡ್ಬಿಟ್ಟೆ.

ಮೂರು ಸಾವಿರ ಕಿಲೋಮೀಟರಿಗೊಂದು ಸಲ ಬರ್ತಿದ್ಲು. ಮಕ್ಕಳನ್ನ ಬಿಟ್ಟು ಹತ್ತು ಗಂಟೆಗೆಲ್ಲ ಹಾಜರು, ಕೈಲೊಂದು ಡಬ್ಬಿ, ಒಳಗೆ ಚಿತ್ರಾನ್ನ ಇಲ್ಲಾ ಅವರೆಕಾಳು ಉಪ್ಪಿಟ್ಟು. ನನ್ನ ಹಸಿರು ಸ್ಟೂಲ್ ಎಳ್ಕೊಂಡು ಕೂತ್ರೆ, ಹಳೇ ಎಣ್ಣೆ ಪೂರ್ತಿ ಇಳಿಯೋವರೆಗೂ ಪ್ರಶ್ನೆ. "ಅಣ್ಣ, ಎಣ್ಣೆ ಯಾಕೆ ಕಪ್ಪಾಗುತ್ತೆ? ಅಣ್ಣ, ಬೆಳಿಗ್ಗೆ ಟಕಟಕ ಅಂದಿದ್ದು ಆಮೇಲೆ ಯಾಕೆ ನಿಂತೋಯ್ತು?" ಅಣ್ಣ ಅನ್ನದೆ ಆಯಮ್ಮನಿಗೆ ಮಾತೇ ಶುರುವಾಗ್ತಿರ್ಲಿಲ್ಲ. ಮೊದಮೊದಲು ನಾನೂ ಖುಷಿಯಾಗೇ ಹೇಳ್ತಿದ್ದೆ. ಇಂಜಿನ್ ಮೇಲಿನ ಸೀಟು ಎತ್ತಿ, ಅಳತೆ ಕಡ್ಡಿ ತೆಗೆದು ಎಣ್ಣೆ ಎಷ್ಟಿದೆ ಅಂತ ನೋಡೋದನ್ನ ಹೇಳ್ಕೊಡಿ ಅಂತ ಒಂದು ಸಲ ಕೇಳಿದ್ಲು. "ನಾನೇ ನೋಡ್ತೀನಲ್ಲ, ನಿನಗ್ಯಾಕೆ ಆ ಉಸಾಬರಿ" ಅಂತ ಬಾಯಿ ಮುಚ್ಚಿಸಿದ್ದೆ.

ಬರ್ತಾ ಬರ್ತಾ ನನಗೆ ಕಿರಿಕಿರಿ ಆಗೋಕೆ ಶುರುವಾಯ್ತು. ನನ್ನ ಸ್ವಭಾವವೇ ಹಾಗೆ, ಮೂಗಿನ ತುದೀಲೇ ಕೋಪ. ಎರಡು ಸಾವಿರದ ಆರು, ಜೂನ್ ತಿಂಗಳು. ಸ್ಕೂಲು ಆಗ ತಾನೇ ಶುರುವಾಗಿತ್ತು. ರಾಜರಾಜೇಶ್ವರಿನಗರದ ಒಬ್ಬ ಸಾಹೇಬರು ಹೊಸ ಕಾರು ತಂದು ನಿಂತಿದ್ರು. ಅವರೆದುರಿಗೇ ಸತ್ಯವತಿ, "ಅಣ್ಣ, ಹೋದ ಸಲ ಎಣ್ಣೆ ಜೊತೆ ಫಿಲ್ಟರ್ರೂ ಹೊಸದು ಹಾಕಿದ್ರಿ. ಈ ಸಲ ಹಳೇದೇ ಇದೆಯಲ್ಲಾ?" ಅಂದ್ಲು.

ನಿಜ. ನಾನು ಮರೆತಿದ್ದೆ. ಸಾಹೇಬರು ಕಿಸಕ್ಕಂತ ನಕ್ಕು, "ಏನ್ ಮುನಿರಾಮಯ್ಯ, ಮೇಡಮ್ ನಿನ್ನೇ ಸರ್ವೀಸ್ ಮಾಡ್ತಾ ಇದಾರಲ್ಲ!" ಅಂದ್ರು. ನನಗೆ ಮೈಯೆಲ್ಲಾ ಉರಿದೋಯ್ತು. ಫಿಲ್ಟರ್ ತಂದು ಹಾಕ್ದೆ, ಆದ್ರೆ ಮನಸ್ಸಲ್ಲಿ ಒಂದು ಲೆಕ್ಕ ಹಾಕ್ಕೊಂಡೆ. ಈಯಮ್ಮನ್ನ ಸ್ವಲ್ಪ ದಿನ ದೂರ ಇಡ್ಬೇಕು.

ಆ ವಾರ ತಾನೇ ಕಂಪನಿಯವನೊಬ್ಬ ಬಂದು ಸಿಂಥೆಟಿಕ್ ಎಣ್ಣೆ ಡಬ್ಬ ಇಳಿಸಿ ಹೋಗಿದ್ದ. ಹೊಸ ಥರದ ಎಣ್ಣೆ, ಹತ್ತು ಸಾವಿರ ಕಿಲೋಮೀಟರ್ ಬಾಳಿಕೆ ಬರುತ್ತೆ. ಒಳ್ಳೇ ಎಣ್ಣೆಯೇ, ಎಣ್ಣೆ ಮೇಲೆ ನಾನು ದೂರು ಹೇಳಲ್ಲ. ಹೊಸ ಕಾರಿಗೆ, ಹೈವೇಲಿ ಒಂದೇ ಸಮ ಓಡೋ ಕಾರಿಗೆ ಹತ್ತು ಸಾವಿರ ಸರಿ. ಆದ್ರೆ ಇದು ಹನ್ನೆರಡು ವರ್ಷದ ಓಮ್ನಿ. ಹುಟ್ಟಿದಾಗಿಂದ ಮಾಮೂಲಿ ಎಣ್ಣೆ ಕುಡಿದು ಬೆಳೆದಿದ್ದು. ಗಲ್ಲಿಗೊಂದು ಸ್ಟಾಪು, ಸ್ಟಾಪಿಗೊಂದು ಮಗು, ಹತ್ತು ನಿಮಿಷಕ್ಕೊಂದು ಸಲ ಆಫ್ ಮಾಡಿ ಆನ್ ಮಾಡೋ ಗಾಡಿ. ಇಂಥ ಹಳೇ ಇಂಜಿನ್ನಲ್ಲಿ ಎಣ್ಣೆ ಸೋರದ ಹಾಗೆ ತಡೆಯೋ ರಬ್ಬರ್ ಸೀಲುಗಳೆಲ್ಲಾ ಸವೆದಿರ್ತವೆ, ಕಟ್ಟಿಕೊಂಡಿರೋ ಜಿಡ್ಡೇ ಸಂದು ಮುಚ್ಚಿ ಕಾಪಾಡ್ತಿರುತ್ತೆ. ಹೊಸ ಎಣ್ಣೆ ಆ ಜಿಡ್ಡನ್ನ ತೊಳೆದು ಹಾಕಿದ್ರೆ ಎಣ್ಣೆ ಜಿನುಗೋಕೆ ಶುರುವಾಗುತ್ತೆ. ಹಾಕೋದೇ ಆದ್ರೆ ಸಾವಿರಕ್ಕೊಂದು ಸಲ ಮಟ್ಟ ನೋಡ್ಬೇಕು, ಐದು ಸಾವಿರಕ್ಕೆ ಬದಲಾಯಿಸ್ಬೇಕು. ಇದು ನನಗೆ ಗೊತ್ತಿರ್ಲಿಲ್ವಾ? ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೇ ಹಾಕ್ದೆ. ಮೀಟರ್ ಎಂಬತ್ತನಾಲ್ಕು ಸಾವಿರ ತೋರಿಸ್ತಿತ್ತು. ಕಾರ್ಡಲ್ಲಿ ತೊಂಬತ್ತನಾಲ್ಕು ಸಾವಿರ ಅಂತ ಬರೆದು, ಪಕ್ಕದಲ್ಲಿ ದಪ್ಪಗೆ 'ಹತ್ತು ಸಾವಿರ' ಅಂತಲೂ ಬರೆದು ಕಟ್ಟಿದೆ.

"ಹತ್ತು ಸಾವಿರಾನಾ ಅಣ್ಣ? ಅಲ್ಲೀವರೆಗೂ ನಾನು ಬರೋದೇ ಬೇಡ್ವಾ?"

"ಬೇಡ್ವೇ ಬೇಡ. ಆರಾಮಾಗಿ ಓಡ್ಸು."

ಆಯಮ್ಮ ಕಾರ್ಡ್ ನೋಡಿದ್ಲು, ನನ್ನ ಮುಖ ನೋಡಿದ್ಲು. "ಆಯ್ತಣ್ಣ" ಅಂತ ಡಬ್ಬಿ ಎತ್ಕೊಂಡು ಹೋದ್ಲು. ನನಗೆ ಹಗುರಾಯ್ತು.

ಆಗಸ್ಟಲ್ಲಿ ಆಯಮ್ಮನ ಫೋನ್ ಬಂತು. ಗಾಡಿ ನಿಲ್ಲಿಸೋ ಜಾಗದಲ್ಲಿ ನೆಲದ ಮೇಲೆ ಎಣ್ಣೆ ಹನಿ ಬಿದ್ದಿರುತ್ತೆ, ತಂದು ತೋರಿಸ್ಲಾ ಅಣ್ಣ ಅಂತ. ನಾನು ಒಂದು ಕಾರಿನ ಅಡಿ ಮಲಗಿದ್ದೆ, ಎದ್ದು ಬಂದ ಸಿಟ್ಟು ಬೇರೆ. "ಹಳೇ ಗಾಡಿ, ಸ್ವಲ್ಪ ಬೆವರುತ್ತಮ್ಮ. ಕಾರ್ಡಲ್ಲಿ ಎಷ್ಟು ಬರ್ದಿದೀನಿ? ಅಷ್ಟಕ್ಕೆ ಬಾ ಸಾಕು" ಅಂದೆ. "ಸರಿ" ಅಂದು ಫೋನ್ ಇಟ್ಲು.

ನವೆಂಬರ್ ಕೊನೇ ವಾರ, ಬೆಳಿಗ್ಗೆ ಎಂಟೂಕಾಲು. ಮಾಗಡಿ ರೋಡ್ ಟೋಲ್‌ಗೇಟ್ ಹತ್ರ ನಿಂತಿದ್ದೀನಿ ಅಂತ ಆಯಮ್ಮನ ಫೋನು. ಬೈಕ್ ಹತ್ತಿ ಓಡಿದೆ. ವ್ಯಾನು ರಸ್ತೆ ಮಧ್ಯೆ, ಹಿಂದೆ ಬಸ್ಸುಗಳ ಹಾರನ್ನು. ಹನ್ನೊಂದು ಮಕ್ಕಳು ಫುಟ್‌ಪಾತ್ ಮೇಲೆ ಒಬ್ಬರ ಕೈ ಒಬ್ಬರು ಹಿಡ್ಕೊಂಡು ಸಾಲಾಗಿ ನಿಂತಿದ್ವು. ಒಂದು ಸಣ್ಣ ಮಗು ಅಳ್ತಿತ್ತು. ಬ್ಯಾಗುಗಳನ್ನೆಲ್ಲ ಸತ್ಯವತಿ ತಾನೇ ಹೆಗಲಿಗೆ ಹಾಕ್ಕೊಂಡಿದ್ಲು. ಯಾರಿಗೂ ಏನೂ ಆಗಿರ್ಲಿಲ್ಲ, ದೇವರು ದೊಡ್ಡವನು. ಆದ್ರೆ ಹಿಂದಿನ ಬಸ್ಸಿನವನು ಒಂದು ಕ್ಷಣ ತಡವಾಗಿ ಬ್ರೇಕ್ ಒತ್ತಿದ್ದಿದ್ರೆ?

ಸೀಟು ಎತ್ತಿ ಕಡ್ಡಿ ತೆಗೆದೆ. ತುದೀಲಿ ಎಣ್ಣೆಯ ಪಸೆ ಇಲ್ಲ. ಹನಿ ಹನಿಯಾಗಿ ಎಲ್ಲಾ ಇಳಿದುಹೋಗಿ ಇಂಜಿನ್ ಒಣಗಿ ಹಿಡ್ಕೊಂಡ್ಬಿಟ್ಟಿತ್ತು. ಎಣ್ಣೆ ಕಮ್ಮಿಯಾದ್ರೆ ಡ್ಯಾಶ್‌ಬೋರ್ಡಲ್ಲಿ ಉರಿಯೋ ಕೆಂಪು ದೀಪದ ಬಲ್ಬೂ ಯಾವತ್ತೋ ಸುಟ್ಟೋಗಿತ್ತು. ಮೂರು ಸಾವಿರಕ್ಕೆ ಬಂದಿದ್ರೆ ನಾನು ನೋಡ್ತಿದ್ದೆ. ಮೀಟರ್ ತೊಂಬತ್ತೊಂದು ಸಾವಿರಕ್ಕೆ ನಿಂತಿತ್ತು. ಕಾರ್ಡಿನ ಪ್ರಕಾರ ಇನ್ನೂ ಮೂರು ಸಾವಿರ ಬಾಕಿ.

"ನನ್ನದೇ ಏನೋ ತಪ್ಪಿರ್ಬೇಕು ಅಣ್ಣ," ಅಂದ್ಲು. ಕಣ್ಣು ಕೆಂಪಗಾಗಿತ್ತು. "ಏರಲ್ಲಿ ಸೆಕೆಂಡ್ ಗೇರಲ್ಲೇ ಎಳೀತಿದ್ದೆ. ಅದಕ್ಕೇ ಹೀಗಾಯ್ತಾ?"

ನಾನು ಏನಂದೆ ಗೊತ್ತಾ? "ಇರ್ಬಹುದು" ಅಂದೆ.

ನನ್ನ ಬಾಯಿಗೆ ಮಣ್ಣು ಬೀಳ. ಹತ್ತು ಸಾವಿರ ಬರೆದಿದ್ದಾದ್ರೂ ಸಿಟ್ಟಲ್ಲಿ ಅಂತ ಹೇಳ್ಕೋಬಹುದು. ಆ 'ಇರ್ಬಹುದು'ಗೆ ಯಾವ ನೆಪ ಹೇಳ್ಲಿ?

ವ್ಯಾನು ಎಳೆಸ್ಕೊಂಡು ಬಂದು ಇಂಜಿನ್ ಇಳಿಸ್ದೆ. ಕೆಲಸ ಹನ್ನೆರಡು ದಿನ ಹಿಡೀತು. ಆಯಮ್ಮ ಎರಡು ಆಟೋ ಮಾಡ್ಕೊಂಡು, ಒಂದರಲ್ಲಿ ತಾನು ಕೂತು, ಮಕ್ಕಳನ್ನ ಬಿಡ್ತಿದ್ಲು. ನಾಲ್ಕು ಮಕ್ಕಳ ಅಪ್ಪ ಅಮ್ಮಂದಿರು ಆಗ್ಲೇ ಬೇರೆ ವ್ಯಾನಿಗೆ ಸೇರಿಸ್ಬಿಟ್ರು. ಹೆಂಗಸಿಗೆ ಗಾಡಿ ನೋಡ್ಕೊಳ್ಳೋಕೆ ಬರಲ್ಲ, ನಮಗೆ ಭಯ ಅಂದ್ರಂತೆ. ಅದನ್ನ ನನಗೆ ಹೇಳುವಾಗ ಆಯಮ್ಮ ತಲೆ ತಗ್ಗಿಸ್ಕೊಂಡಿದ್ಲು. ತಗ್ಗಿಸ್ಬೇಕಾದ ತಲೆ ಯಾರದು ಅಂತ ನನಗೆ ಮಾತ್ರ ಗೊತ್ತಿತ್ತು.

ಕೆಲಸ ಮುಗಿಯೋ ದಿನ ಒಳಗೆಲ್ಲಾ ಒರೆಸ್ತಾ ಕನ್ನಡಿ ಹತ್ರ ಬಂದೆ. ಕಾರ್ಡು ನೇತಾಡ್ತಿತ್ತು. ಅದರ ನೆತ್ತಿಗೆ ಅರಿಶಿನ ಕುಂಕುಮ. ಆಯುಧಪೂಜೆ ದಿನ ಸ್ಟೇರಿಂಗಿಗೆ, ಚಕ್ರಕ್ಕೆ ಇಟ್ಟ ಹಾಗೆ ನನ್ನ ಕಾರ್ಡಿಗೂ ಇಟ್ಟಿದ್ಲು. ಒಣಗಿದ ಸೇವಂತಿಗೆ ಎಸಳೊಂದು ದಾರಕ್ಕೆ ಸಿಕ್ಕಿಕೊಂಡಿತ್ತು. ದೂರ ಇಡೋಕೆ ಅಂತ ಬರೆದ ಸುಳ್ಳಿಗೆ ಆಯಮ್ಮ ಪೂಜೆ ಮಾಡಿದ್ಲು. ನಾನು ಒಳಗೇ ಕೂತು ಅತ್ತೆ. ಐವತ್ತೆರಡು ವರ್ಷದ ಗಂಡಸು, ಗ್ರೀಸ್ ಮೆತ್ತಿದ ಕೈಯಲ್ಲಿ ಮುಖ ಒರೆಸ್ಕೊಂಡೆ.

ಸಾಯಂಕಾಲ ಗಾಡಿ ತಗೊಂಡು ಹೋಗೋಕೆ ಬಂದ್ಲು. ಬಿಲ್ ಎಷ್ಟು ಅಂದ್ಲು. ಬಿಲ್ಲಿಲ್ಲ, ಕೂತ್ಕೋ ಅಂತ ಸ್ಟೂಲ್ ಎಳೆದೆ.

"ಸತ್ಯಮ್ಮ, ನಿನ್ನ ಗೇರ್ ತಪ್ಪಲ್ಲ. ತಪ್ಪು ನಂದು. ಆ ಎಣ್ಣೆ ಹಾಕಿ ಹತ್ತು ಸಾವಿರ ಬರೀಬಾರ್ದಿತ್ತು. ಗೊತ್ತಿದ್ದೇ ಬರೆದೆ. ಆವತ್ತು ಫಿಲ್ಟರ್ ವಿಷಯಕ್ಕೆ ಸಿಟ್ಟು ಬಂದಿತ್ತು. ನೀನು ಪದೇ ಪದೇ ಬರೋದು ಬೇಡ ಅಂತ ಬರೆದೆ. ಆ ನಾಲ್ಕು ಮನೆಗೂ ನಾನೇ ಬಂದು ಹೇಳ್ತೀನಿ. ಕ್ಷಮಿಸ್ಬಿಡಮ್ಮ."

ಬೈತಾಳೆ ಅಂದ್ಕೊಂಡಿದ್ದೆ. ಬೈಲಿ ಅಂತ ಕಾಯ್ತಿದ್ದೆ. ಆಯಮ್ಮ ಸೆರಗು ಸರಿಮಾಡ್ಕೊಂಡು, ವ್ಯಾನಿನ ಕಡೆ ನೋಡ್ತಾ ಹೇಳಿದ್ಲು:

"ನಾನು ಬರೋದು ನಿಮಗೆ ಬೇಡ ಅಂತ ಆವತ್ತೇ ಗೊತ್ತಾಯ್ತು. ಅದಕ್ಕೇ ಬರ್ಲಿಲ್ಲ. ದಿನಾ ಬೆಳಿಗ್ಗೆ ನೆಲದ ಮೇಲೆ ಎಣ್ಣೆ ಕಲೆ ನೋಡ್ತಿದ್ದೆ. ದೊಡ್ಡದಾಗ್ತಾ ಇತ್ತು. ಬೇರೆ ಗ್ಯಾರೇಜಿಗೆ ತೋರಿಸೋಣ ಅನ್ಸಿತ್ತು. ಆಮೇಲೆ ಅಂದ್ಕೊಂಡೆ, ನಾನು ಬೇಡವಾಗಿದ್ರೂ ಇಂಜಿನ್ ವಿಷಯದಲ್ಲಿ ನೀವು ಸುಳ್ಳು ಬರೆಯಲ್ಲ ಅಂತ."

ನಾನು ದೂರ ಇಟ್ಟಿದ್ದು ಗೊತ್ತಿದ್ದೂ ನನ್ನ ಕೈಬರಹ ನಂಬಿ ಹನ್ನೊಂದು ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದ್ಲಲ್ಲಪ್ಪ. ಹೊಸ ಕಾರ್ಡ್ ತಗೊಂಡೆ. ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಮೊದಲ ಎಣ್ಣೆ ಸಾವಿರಕ್ಕೇ ಬದಲಾಯಿಸ್ಬೇಕು. ತೊಂಬತ್ತೆರಡು ಸಾವಿರ ಅಂತ ಬರೆದೆ. ಕಡ್ಡಿ ತೆಗೆಯೋದು, ಒರೆಸೋದು, ಮತ್ತೆ ಇಳಿಸಿ ನೋಡೋದು, ಎರಡು ಗೆರೆ ಮಧ್ಯೆ ಇರ್ಬೇಕು ಅನ್ನೋದು, ಎಲ್ಲಾ ಹೇಳ್ಕೊಟ್ಟೆ. ಮೂರು ವರ್ಷದ ಹಿಂದೆ ಐದು ನಿಮಿಷದಲ್ಲಿ ಆಗ್ತಿದ್ದ ಕೆಲಸ. ಒಂದೇ ಸಲಕ್ಕೆ ಕಲಿತ್ಕೊಂಡ್ಲು.

ಆಮೇಲೆ ಆ ನಾಲ್ಕು ಮನೆಗೂ ಹೋದೆ. ತಪ್ಪು ಮೆಕ್ಯಾನಿಕ್ಕಿಂದು, ಆಯಮ್ಮಂದಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿದೆ. ಎರಡು ಮಕ್ಕಳು ವಾಪಸ್ ಬಂದ್ವು. ಇನ್ನೆರಡು ಬರ್ಲಿಲ್ಲ.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ, ಹತ್ತು ಗಂಟೆಗೆ, ಓಮ್ನಿ ಬಂದು ನಿಂತಿತು. ಇಣುಕಿ ಮೀಟರ್ ನೋಡಿದೆ, ಸರಿಯಾಗಿ ತೊಂಬತ್ತೆರಡು ಸಾವಿರ. ಬೆಳಿಗ್ಗೆಯಿಂದ ಸ್ಟೂಲ್ ಒರೆಸಿಟ್ಟಿದ್ದೆ, ಇವತ್ತು ನಾಳೆಯಲ್ಲಿ ಬರ್ತಾಳೆ ಅಂತ ಲೆಕ್ಕ ಹಾಕಿ. ಆಯಮ್ಮ ಗಾಡಿ ಇಳಿದು ಗೇಟ್ ಹತ್ರಾನೇ ನಿಂತ್ಲು. ಕೈಲಿ ಡಬ್ಬಿ ಇರ್ಲಿಲ್ಲ. "ಕೂತ್ಕೊಳ್ಳಮ್ಮ" ಅಂದೆ. ಪರವಾಗಿಲ್ಲ ಅಂದ್ಲು.

ಎಣ್ಣೆ ಇಳೀತಾ ಇತ್ತು. ನಾನು ಬೇಕಂತಲೇ ನಿಧಾನ ಮಾಡ್ದೆ. ಹಳೇ ಫಿಲ್ಟರ್ ತೆಗೆದು ಆಯಮ್ಮನಿಗೆ ಕಾಣೋ ಹಾಗೆ ಹಿಡಿದೆ, ಹೊಸದನ್ನೂ ಹಿಡಿದೆ. ನೋಡಿದ್ಲು, ಏನೂ ಕೇಳ್ಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳ್ಲಿ, ಎಷ್ಟು ಪೆದ್ದು ಪ್ರಶ್ನೆಯಾದ್ರೂ ಕೇಳ್ಲಿ ಅಂತ ಒಳಗೊಳಗೇ ಬೇಡ್ಕೊಂಡೆ. ಕಡೆಗೆ ತಡೀಲಾರದೆ ನಾನೇ ಕೇಳ್ದೆ.

"ಬೆಳಿಗ್ಗೆ ಏನಾದ್ರೂ ಸದ್ದು ಬರ್ತಿದೆಯೇನಮ್ಮ?"

"ಇಲ್ಲ ಸಾರ್," ಅಂದ್ಲು.