ಹತ್ತು ಹೆಸರು

ವಿದ್ಯುತ್ ಚಿತಾಗಾರದ ನೌಕರ ಗುಂಡಿ ಒತ್ತಲು ಚಾಚಿದ ಕೈಯನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು.

"ಸ್ವಲ್ಪ ತಡಿಯಪ್ಪಾ. ನಮ್ಮನೆಯವರ ಆಫೀಸಿನವರು ಇನ್ನೂ ಬಂದಿಲ್ಲ."

"ಆಗಲೇ ಎರಡು ಸಲ ತಡೆದಿದ್ದೀನಲ್ಲಮ್ಮಾ. ಗೇಟಲ್ಲಿ ಇನ್ನೊಂದು ಗಾಡಿ ಬಂದು ನಿಂತಿದೆ."

"ನಿಲ್ಲಲಿ ಬಿಡು. ಅದರಲ್ಲಿರೋರಿಗೆ ಏನು ಅವಸರ?"

ನೌಕರ ಅವಳ ಪಕ್ಕ ನಿಂತಿದ್ದ ಮಗಳ ಮುಖ ನೋಡಿದ. ಮಗಳು ತಲೆ ತಗ್ಗಿಸಿದಳು. ಕಬ್ಬಿಣದ ಬಾಗಿಲ ಹಿಂದೆ ಕುಲುಮೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ಸದ್ದು ನೆಲದಿಂದ ಅಂಗಾಲಿಗೆ ಏರುತ್ತಿತ್ತು. ಗೋಡೆಯಿಂದ ಗೋಡೆಗೆ ಕುರ್ಚಿ ಹಾಕಿಸಿದ್ದವಳು ಅಮ್ಮನೇ. ಬಂದು ಕೂತವರು ಅವಳ ತಮ್ಮ ಮತ್ತು ಪಕ್ಕದ ಮನೆಯ ದರ್ಜಿ, ಅಷ್ಟೇ.

"ಅಕ್ಕಾ, ಬರೋರಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ರು," ಎಂದ ತಮ್ಮ.

"ಬಾಯಿ ಮುಚ್ಕೊಂಡು ಕೂತ್ಕೋ. ಆ ವಿಶ್ವವಿದ್ಯಾಲಯದಲ್ಲಿ ಊರಿಗೆಲ್ಲ ಭಾಷಣ ಕೇಳಿಸಿದ ಮನುಷ್ಯ ನಿನ್ನ ಭಾವ. ಅವರಿಗೆ ಜನ ಬರದೆ ಇರ್ತಾರಾ?"

ಮಗಳು ಫೋನ್ ತೆಗೆದು ನೋಡಿದಳು. ಬೆಳಿಗ್ಗೆ ಅಪ್ಪನ ವಿಭಾಗಕ್ಕೆ ಫೋನ್ ಮಾಡಿದ್ದವಳು ಅವಳೇ. ಅಪ್ಪ ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಬಂದಿದ್ದ ಹೊಸ ಸಂಯೋಜಕಿ, "ಎಲ್ರಿಗೂ ಈಗಲೇ ತಿಳಿಸ್ತೀನಿ," ಎಂದಿದ್ದಳು. ಆಮೇಲೆ ಒಂದು ಕರೆಯೂ ಇಲ್ಲ.

*

ಮಾಹಿತಿ ವಿಜ್ಞಾನ ವಿಭಾಗದಲ್ಲಿ ಮುಂದೆ ನಡೆಯಲಿರುವ ಉಪನ್ಯಾಸ, ಕಾರ್ಯಾಗಾರಗಳಿಗೆ ಜನ ಸೇರಿಸುವುದು ಅಪ್ಪನ ಕೆಲಸವಾಗಿತ್ತು. ಒಮ್ಮೆ ದೂರದಿಂದ ಬಂದ ವಿದ್ವಾಂಸೆಯೊಬ್ಬರ ಮಾತು ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಪಾಪ, ಆಕೆ ಇವರೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಪೂರ್ತಿ ಮಾತಾಡಿ ಮುಗಿಸಿದರು. ಆ ಸಂಜೆ ಇವರು ಅಮ್ಮ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಖಾಲಿ ಕುರ್ಚಿಗಳ ಎದುರಿಗೆ ಯಾರನ್ನೂ ನಿಲ್ಲಿಸಬಾರದು ಕಣೇ. ಹತ್ತು ಜನ ಹೆಸರು ಕೊಡದಿದ್ರೆ ಕಾರ್ಯಕ್ರಮ ತಾನಾಗೇ ರದ್ದಾಗಬೇಕು. ಕಂಪ್ಯೂಟರಿನಲ್ಲಿ ಹಾಗೆ ಮಾಡಿಸ್ತೀನಿ."

"ಮಾಡಿಸಿ, ಮಾಡಿಸಿ. ಮೊದಲು ಊಟ ಮಾಡಿ."

ಮಾಡಿಸಿಯೇ ಬಿಟ್ಟರು. ಹಿಡಿದದ್ದನ್ನು ಬಿಡುವ ಜಾಯಮಾನವೇ ಅಲ್ಲ ಅವರದು.

*

ಸಂಯೋಜಕಿ ಏದುಸಿರು ಬಿಡುತ್ತ ಓಡಿಬಂದಳು, ಒಬ್ಬಳೇ. ಅಮ್ಮ ಅವಳ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಉಳಿದವರು ಹಿಂದೆ ಬರ್ತಿದ್ದಾರಾ?"

"ಅಮ್ಮಾ, ದೊಡ್ಡ ತಪ್ಪಾಗಿಹೋಯ್ತು. ಉಪನ್ಯಾಸಗಳ ಪ್ರಕಟಣೆ ಕಳಿಸ್ತೀವಲ್ಲ, ಆ ಕಂಪ್ಯೂಟರ್ ವ್ಯವಸ್ಥೆಯಿಂದಲೇ ಇದನ್ನೂ ಕಳಿಸಿಬಿಟ್ಟೆ. ಇದು ಸಾವು ಅಂತ ಅದಕ್ಕೇನು ಗೊತ್ತಾಗತ್ತೆ? ಬರೋರು ಹೆಸರು ಕೊಡಿ ಅಂತ ಕೇಳಿದೆ. ಹತ್ತು ಹೆಸರು ಆಗ್ಲಿಲ್ಲ. 'ಕಾರ್ಯಕ್ರಮ ರದ್ದಾಗಿದೆ' ಅಂತ ಎಲ್ರಿಗೂ ಹೋಗಿಬಿಟ್ಟಿದೆ. ನಾನು ನೋಡಿದ್ದೇ ಈಗ."

ಅಯ್ಯೋ ದೇವರೇ, ಅಂತ್ಯಸಂಸ್ಕಾರವನ್ನು ರದ್ದು ಮಾಡುವುದೆಂದರೇನು! ತಮ್ಮನಿಗೆ ಕಿಸಕ್ಕನೆ ನಗು ಬಂತು. ಹಾಗೆ ನಕ್ಕದ್ದಕ್ಕೆ ತಾನೇ ಬೆದರಿ ಬಾಯಿಗೆ ಕೈ ಅಡ್ಡ ಹಿಡಿದ.

ಅಮ್ಮನಿಗೆ ಮಾತ್ರ ಸಿಟ್ಟು ಬರಲಿಲ್ಲ. ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು.

"ಹಾಗೆ ಹೇಳು ಮತ್ತೆ! ಯಂತ್ರದ ಎಡವಟ್ಟು. ಬರಬೇಕು ಅಂತಿದ್ದೋರನ್ನ ಅದು ತಡೆದುಬಿಡ್ತು. ನಾನು ಏನೇನೋ ಅಂದ್ಕೊಂಡು ಸಂಕಟಪಡ್ತಿದ್ದೆ." ಸಂಯೋಜಕಿಯ ಕೈ ಹಿಡಿದು ಕೇಳಿದಳು, "ಹೆಸರು ಕೊಟ್ಟಿದ್ದೋರು ಎಷ್ಟು ಜನ ತಾಯೀ? ಎಂಟಾ? ಒಂಬತ್ತಾ?"

ಸಂಯೋಜಕಿ ಕೈ ಬಿಡಿಸಿಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ.

"ಒಂದೇ ಹೆಸರು ಇತ್ತು."

"ಯಾರು ಆ ಪುಣ್ಯಾತ್ಮ? ಅವರಿಗೊಂದು ಫೋನ್ ಮಾಡು. ಅವರು ಬರೋವರೆಗೂ ಕಾಯ್ತೀನಿ."

"ಬೇಡಮ್ಮಾ," ಎಂದಳು ಮಗಳು. ಅವಳು ಅಮ್ಮನ ಸೆರಗು ಹಿಡಿದೆಳೆದಳು. "ಸಾಕು, ಕೇಳಬೇಡ."

"ಹೇಳು ತಾಯೀ, ಯಾರು?"

"ಸರ್ ಹೆಸರೇ ಅಮ್ಮಾ," ಎಂದಳು ಸಂಯೋಜಕಿ. "ಯಾವ ಪ್ರಕಟಣೆ ಹೋದ್ರೂ ಮೊದಲು ತಮ್ಮ ಹೆಸರು ಸೇರೋ ಹಾಗೆ ಮಾಡಿಟ್ಟಿದ್ರು. ಮಾತಾಡೋರಿಗೆ ಬೇಜಾರಾಗಬಾರದು ಅಂತ. ಇವತ್ತೂ ಸೇರಿದೆ."

ದರ್ಜಿ ಎದ್ದು ನಿಂತವನು ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ. ಅಮ್ಮ ಗಂಡನ ಬಳಿ ಹೋಗಿ ಹೊದಿಕೆಯ ಸುಕ್ಕು ಸರಿಮಾಡಿದಳು. ಮಗಳು ಹೆಗಲು ಹಿಡಿಯಲು ಬಂದರೆ ಕೈ ಸರಿಸಿದಳು. ನಿಧಾನವಾಗಿ ಬಂದು ಮುಂದಿನ ಸಾಲಿನಲ್ಲಿ ಕೂತು, ನೌಕರನಿಗೆ ಹೇಳಿದಳು:

"ಬರೋರು ಬಂದಾಯ್ತು. ಶುರು ಮಾಡಪ್ಪಾ."

ಗುಂಡಿ ಒತ್ತಿದ್ದೇ ಕಬ್ಬಿಣದ ಬಾಗಿಲು ಮೇಲಕ್ಕೆ ಸರಿಯಿತು. ಒಳಗಿನ ಕೆಂಪು ಬೆಳಕು ಅಮ್ಮನ ಮೊಣಕಾಲನ್ನು ದಾಟಿ, ಖಾಲಿ ಕುರ್ಚಿಗಳ ಮೇಲೆ ಸಾಲಿನಿಂದ ಸಾಲಿಗೆ ಹರಡುತ್ತ, ಹಿಂದಿನ ಗೋಡೆಯವರೆಗೂ ಹೋಯಿತು.