ಮಸಣದಕ್ಕನ ವಯಸ್ಸು

"ಆ ದರಿದ್ರ ಪುಸ್ತಕಗಳನ್ನ ಮೇಜಿನ ಮೇಲೆ ಹರಡಬೇಡ್ವೇ, ಊಟ ಮಾಡೋ ಜಾಗ ಅದು!" ಅಮ್ಮ ಅಡುಗೆಮನೆಯಿಂದಲೇ ಗದರಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕ ಹೊಲಿದು ರಟ್ಟು ಕಟ್ಟಿ ಹೊಟ್ಟೆ ಹೊರೆಯುವವಳು ನಾನು. ತಾತ ತಾವೇ ಚಿತ್ರ ಬಿಡಿಸಿ ಬರೆದ ದೆವ್ವದ ಚಿತ್ರಕಥೆಗಳು ನಮ್ಮದೇ ಅಟ್ಟದಲ್ಲಿ ಹುಳ ಹಿಡಿದು ಹೋದರೆ ನನ್ನ ಕಸುಬಿಗೇ ಅವಮಾನ.

ಅಮ್ಮನಿಗೆ ಅವನ್ನು ಕಂಡರಾಗದು. ಅವಳನ್ನು ಹೆತ್ತ ವಾರದಲ್ಲೇ ಅವಳಮ್ಮ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. "ಅಪ್ಪ ಊರಿನ ದೆವ್ವಗಳನ್ನೆಲ್ಲ ಬರೆದ್ರು, ಅಮ್ಮನ್ನ ಬರೆಯೋಕೆ ಮಾತ್ರ ಕೈ ಬರಲಿಲ್ಲ" ಎನ್ನುವುದು ಅವಳ ಮುಗಿಯದ ಗೋಳು. ಈ ವಯಸ್ಸಿನಲ್ಲೂ ದಾರಿಯಲ್ಲಿ ಹೋಗುವ ಹೆಂಗಸರ ಮುಖ ನೋಡುತ್ತಾ ನಿಂತುಬಿಡುತ್ತಾಳೆ, ಹೀಗಿದ್ದಳೋ ಹಾಗಿದ್ದಳೋ ಎಂದು.

ಚಿಕ್ಕವಳಿದ್ದಾಗ ಅವಳ ಕಣ್ಣು ತಪ್ಪಿಸಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಪ್ರತಿ ಸಂಚಿಕೆಯಲ್ಲೂ ನಾಲ್ಕೈದು ಕಥೆ, ಒಂದಕ್ಕೊಂದು ಸಂಬಂಧವಿಲ್ಲ. ಬಾವಿಯಿಂದ ಎದ್ದು ಬರುವ ಕೈ, ತಲೆಯಿಲ್ಲದ ದರ್ಜಿ. ಮೊದಲ ಪುಟದಲ್ಲಿ ಗೋರಿಯ ಮೇಲೆ ಕೂತು ಕಥೆ ಶುರು ಮಾಡುವ ಹೆಣ್ಣುದೆವ್ವ ಮಸಣದಕ್ಕ ಮಾತ್ರ ಎಲ್ಲದರಲ್ಲೂ ಇದ್ದಳು. ಈಗ ಓದಿದಾಗಲೂ ಎದೆ ಡವಡವ ಎಂದಿತು, ಆಮೇಲೆ ನಗು ಬಂತು. ಆ ದರ್ಜಿ ಗಿರಾಕಿಗಳ ಕುತ್ತಿಗೆಯ ಅಳತೆಯನ್ನೇ ಯಾಕೆ ತೆಗೆಯುತ್ತಾನೆಂದು ಆಗ ನನಗೆ ಹೊಳೆದೇ ಇರಲಿಲ್ಲ!

ಇಂಥ ಪುಸ್ತಕವನ್ನು ಯಾರೂ ಸಾಲಾಗಿ ಓದುವುದಿಲ್ಲ. ಹೊಲಿಯುವವಳು ಮಾತ್ರ ಸಾಲಾಗಿ ಜೋಡಿಸಲೇಬೇಕು. ಎಲ್ಲದರ ಮೊದಲ ಪುಟ ತೆರೆದು, ಸಂಚಿಕೆಯ ಅಂಕಿ ನೋಡಿ ಇಡುತ್ತಾ ಬಂದವಳಿಗೆ ಅರ್ಧ ಮೇಜಿಗೆ ಬರುವಷ್ಟರಲ್ಲಿ ಕೈ ನಿಂತುಹೋಯಿತು. ಉಳಿದವನ್ನೂ ಸರಸರನೆ ಜೋಡಿಸಿ ಮತ್ತೆ ಮೊದಲಿಂದ ನೋಡಿದೆ. ಮೊದಲ ಸಂಚಿಕೆಯ ಮಸಣದಕ್ಕ ಇನ್ನೂ ಎಳೆ ಹೆಂಗಸು. ಮುಂದೆ ಹೋದಂತೆ ಬೈತಲೆಯಲ್ಲಿ ಬಿಳಿ ಕೂದಲು, ಕಣ್ಣಿನ ಕೆಳಗೆ ಗೆರೆ, ಇಳಿದ ಕೆನ್ನೆ, ಮೂಗಿನ ಮೇಲೆ ಕನ್ನಡಕ. ಕೊನೆಯದರಲ್ಲಿ ಬೆನ್ನು ಬಾಗಿ ತಲೆಯೆಲ್ಲ ಬೆಳ್ಳಗೆ. ದೆವ್ವಕ್ಕೆಲ್ಲಾದರೂ ವಯಸ್ಸಾಗುವುದುಂಟೇ? ತಾತ ಯಾರಿಗೂ ಗೊತ್ತಾಗದ ಹಾಗೆ, ವರ್ಷ ವರ್ಷ, ಅವಳನ್ನು ಚೂರುಚೂರೇ ಮುದುಕಿ ಮಾಡಿದ್ದರು.

ತಾತನ ತಂಗಿ ಚಿಕ್ಕಜ್ಜಿ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದರು. ಜನ್ಮದಲ್ಲಿ ಈ ಪುಸ್ತಕ ಮುಟ್ಟಿದವರಲ್ಲ.

"ಚಿಕ್ಕಜ್ಜಿ, ಇಲ್ಲಿ ಬನ್ನಿ, ಒಂದು ತಮಾಷೆ ತೋರಿಸ್ತೀನಿ."

"ದೆವ್ವದ ಸಹವಾಸ ನಂಗ್ಯಾಕಮ್ಮ? ಇನ್ನೇನು ನಾನೇ ಆಗ್ತೀನಿ" ಎನ್ನುತ್ತಲೇ ಬಂದು ಮೊದಲ ಸಂಚಿಕೆಯ ಮೇಲೆ ಬಗ್ಗಿದವರು ಹಾಗೇ ಕುರ್ಚಿಗೆ ಕುಸಿದರು.

"ಅಯ್ಯೋ... ಅತ್ತಿಗೆ!"

ಆ ಕೂಗಿಗೆ ಅಮ್ಮ ಸೌಟು ಹಿಡಿದೇ ಓಡಿಬಂದಳು.

"ನಿಮ್ಮಮ್ಮ ಕಣೇ ಇದು! ಇದೇ ಮೂಗು, ಇದೇ ಸೊಟ್ಟ ನಗು" ಎಂದು ಚಿಕ್ಕಜ್ಜಿ ಅಳತೊಡಗಿದರು.

ಅಮ್ಮ ಮೇಜಿನ ಆ ತುದಿಯಿಂದ ಒಂದೊಂದೇ ಮುಖ ನೋಡುತ್ತಾ ಈ ತುದಿಗೆ ಬಂದಳು. ತಾತ ತಮ್ಮ ಹೆಂಡತಿಯನ್ನು ಸಾಯಲು ಬಿಟ್ಟಿರಲಿಲ್ಲ. ತಮ್ಮ ಜೊತೆಜೊತೆಗೇ ಮುದುಕಿಯಾಗಲು ಬಿಟ್ಟಿದ್ದರು. ಕೊನೆಯ ಸಂಚಿಕೆಯ ಮುಖವೂ ಅದರ ಮೇಲೆ ಬಗ್ಗಿದ್ದ ಅಮ್ಮನ ಮುಖವೂ ಅಕ್ಕತಂಗಿಯರಂತಿದ್ದವು.

"ಅಪ್ಪ ಕರೀತಾನೇ ಇದ್ರು" ಎಂದಳು ಅಮ್ಮ. "'ಬಾ ಮಗಳೇ, ಮಸಣದಕ್ಕ ಏನೂ ಮಾಡಲ್ಲ, ನೋಡು' ಅಂತ. ನಾನು ಕಿರುಚಿಕೊಂಡು ಓಡಿಹೋಗ್ತಿದ್ದೆ."

ಕುರ್ಚಿ ಎಳೆದುಕೊಂಡು ನನಗೆ ಒತ್ತಿ ಕೂತಳು.

"ಓದೇ."

"ಯಾವುದಮ್ಮ?"

"ಎಲ್ಲಾನೂ. ನಂಗೆ ಅಮ್ಮ ಕಥೆ ಹೇಳಿದ್ದೇ ಇಲ್ಲ ಅಂದ್ಕೊಂಡಿದ್ದೆ."