ಎಣ್ಣೆ ಬರುವ ತನಕ

"ಏಳನೇತ್ತಾಕ್ಕ ಸಾಲಿ ಬಿಟ್ಟು ಕಲ್ಲು ಹೊರಾಕ ಬಂದಾಂವ, ನನಗ ಡಾಕ್ಟರಕಿ ಕಲಸ್ತಾನ! ನೋಡ್ರೆವ್ವಾ ಇವನ ಮುಖಾ!"

ಹೂ ಕಟ್ಟುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ ಕರಿಬಸವನನ್ನು ನೋಡಿದರು. ಹಾಗೆ ಅಂದವನು ಅವನ ದೊಡ್ಡಪ್ಪ ಮಲ್ಲಿನಾಥ. ಅಂದದ್ದು ಶಂಕರಪುರದಲ್ಲಿ, ಬರ್ತಾ ಬಾಯಿಯವರ ಮಲ್ಲಿಗೆ ತೋಟದ ಅಂಗಳದಲ್ಲಿ. ಅಂಗಳದ ಹಿಂದಿನ ಬಿಡಾರದೊಳಗೆ ಕರಿಬಸವನ ಅಪ್ಪ ಚಂದಪ್ಪ ಬಾಯಿ ಸೊಟ್ಟಗಾಗಿ ಮಲಗಿದ್ದ. ಬೆಳಿಗ್ಗೆ ಚಹಾದ ಲೋಟ ಕೈಯಿಂದ ಜಾರಿತ್ತು, ಮಾತು ತೊದಲಿತ್ತು. ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊತ್ತ ಬಲಗೈ ಈಗ ಚಾಪೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ಈ ಮನೆಯವರಲ್ಲಿ ಒಂದು ಕಟ್ಟಳೆ. ಲಕ್ವಾ ಹೊಡೆದ ಮೈಗೆ ಮೊದಲು ಎಣ್ಣೆ ಬೀಳಬೇಕು. ಅದಕ್ಕೂ ಮುಂಚೆ ಸೂಜಿ ಚುಚ್ಚಿದರೆ ಎಣ್ಣೆ ಹಿಡಿಯುವುದಿಲ್ಲ. ಗಾಳಿ ತಾಗದಂತೆ ಬಾಗಿಲು ಮುಚ್ಚಬೇಕು. ಘಟ್ಟದ ಮೇಲಿನವರ ಮೂಢತನ ಎಂದು ಕರಾವಳಿಯವರು ನಗುವಂತಿಲ್ಲ. ಲಕ್ವಾಕ್ಕೆ ಎಣ್ಣೆ ಕೊಡುವ ಕಾರ್ಕಳದ ಕಡೆಯ ಪಂಡಿತರ ಅಂಗಳದಲ್ಲಿ ಇಲ್ಲಿಯವರ ಕಾರುಗಳೂ ಸಾಲಾಗಿ ನಿಲ್ಲುತ್ತವೆ.

"ದೊಡ್ಡಪ್ಪಾ, ಮಣಿಪಾಲ ಇಲ್ಲೇ ಐತಿ. ಎಣ್ಣಿ ಆಮ್ಯಾಲ ಹಚ್ಚೋಣಂತ."

"ಆಮ್ಯಾಲ ಹಚ್ಚಿದ್ರ ಹತ್ತೂದಿಲ್ಲಲೇ! ನಮ್ಮಪ್ಪಗ ಹೊಡದಾಗ ಯಾ ದವಾಖಾನಿ ಇತ್ತು? ಎಣ್ಣಿಗೇ ಎದ್ದು ಕುಂತಿದ್ದ."

"ಕುಂತಿದ್ದ. ನಡದನೇನು?"

ಕರಿಬಸವನ ಮಾತಿಗೆ ಹೆಂಗಸರು ನಕ್ಕರು. ಮಲ್ಲಿನಾಥನಿಗೆ ಇನ್ನಷ್ಟು ಸಿಟ್ಟು ಬಂತು. ಒಂದು ಮಾತಿಗೆ ಎರಡು ಮಾತು ಬೆಳೆಯಿತು. ಕೊನೆಗೆ ಕರಿಬಸವನೇ ಗೆದ್ದ. ಗೆಲ್ಲುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

"ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿದೆ," ಎಂದರು ಮಣಿಪಾಲದ ಡಾಕ್ಟರು. "ಆದ ಕೂಡಲೇ ತಂದಿದ್ದರೆ ಬಿಡಿಸಿ ನೋಡಬಹುದಿತ್ತು. ಬಿಪಿ ಮಾತ್ರೆ ಯಾಕೆ ನಿಲ್ಲಿಸಿದರು?"

"ತಲಿ ತಿರಗೂದು ನಿಂತಿತ್ತಲ್ರೀ," ಎಂದಳು ಚಂದಪ್ಪನ ಹೆಂಡತಿ ಯಮನವ್ವ.

ಬಿಡಾರಕ್ಕೆ ಮರಳಿದ ಮೇಲೆ ಎಣ್ಣೆಯೂ ಬಂತು. ಆ ಎಣ್ಣೆಯ ವಾಸನೆಯಲ್ಲೇ ಮಲಗಿ ಮಲಗಿ ಚಂದಪ್ಪನ ಬೆನ್ನು ಹುಣ್ಣಾಯಿತು. ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ. ಅಷ್ಟೂ ಕಾಲ ಹೆಂಡತಿಯ ಹೆಸರು ಒಮ್ಮೆಯೂ ಅವನ ಬಾಯಿಗೆ ಬರಲಿಲ್ಲ.

ಕರಿಬಸವ ಬಿಡಾರ ಬಿಡಾರಕ್ಕೆ ಹೋಗಿ ಬಿಪಿ ಮಾತ್ರೆ ಬಿಟ್ಟವರನ್ನು ಬೈದ. ಕಾಪುವಿನ ಸೈಟಿನಲ್ಲಿ ಕೆಲಸ ನಿಲ್ಲಿಸಿ ಕೂಗಾಡಿದ. ಎಲ್ಲರೂ ಹೌದು ಹೌದು ಎಂದರು. ಮಾತ್ರೆ ಮಾತ್ರ ಯಾರೂ ನುಂಗಲಿಲ್ಲ. ಮನೆಯಲ್ಲಿ ಯಮನವ್ವನ ಮಾತ್ರೆಯೂ ದೇವರ ಪಟದ ಹಿಂದೆ ಧೂಳು ಹಿಡಿದಿತ್ತು.

"ಬೈದರೆ ಎಂತ ಪ್ರಯೋಜನ ಮಾರಾಯ?" ಎಂದರು ಬರ್ತಾ ಬಾಯಿ. "ನನಗೂ ಬಿಪಿ ಉಂಟು. ಮಾತ್ರೆ ದಿನಾ ಮರೆಯುತ್ತೇನೆ. ಆದರೆ ಹೂವಿನ ಆಟೋ ಒಂದು ದಿನವಾದರೂ ತಪ್ಪಿಸಿದ್ದುಂಟಾ?"

ಆ ಮಾತು ಅವನಿಗೆ ನಾಟಿತು. ಜನ ಕೆಟ್ಟವರಲ್ಲ, ದಡ್ಡರೂ ಅಲ್ಲ. ಕೈ ರೂಢಿಯ ದಾರಿಯಲ್ಲಿ ನಡೆಯುತ್ತದೆ. ಹೆದರಿಕೆ ಬಂದಾಗ ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ. ಹಾಗಿದ್ದರೆ ರೂಢಿಯ ಜಾಗದಲ್ಲೇ ಮಾತ್ರೆ ಇಡಬೇಕು. ತೀರ್ಮಾನವನ್ನು ಹೆದರಿಕೆ ಬರುವ ಮೊದಲೇ ಮಾಡಿಡಬೇಕು.

ಮರುದಿನದಿಂದ ಮಾತ್ರೆಗಳು ಹೂ ಕಟ್ಟುವ ಬಾಳೆನಾರಿನ ಡಬ್ಬಿಗೆ ಬಂದವು. ಮಾತ್ರೆ ನುಂಗದೆ ನಾರು ನೆನೆಸುವಂತಿಲ್ಲ. ಮರೆತವಳನ್ನು ಪಕ್ಕದವಳೇ ಕೆಣಕುತ್ತಿದ್ದಳು. ಹೂವು ಒಯ್ಯುವ ಆಟೋದ ಸಿಲ್ವೆಸ್ಟರ್‌ನನ್ನೂ ಕರೆದು ಕೂರಿಸಿದರು. ಎಲ್ಲರೆದುರು ಯಮನವ್ವ ಹೇಳಿದಳು:

"ನನ್ನ ಬಾಯಿ ಸೊಟ್ಟ ಆದ್ರ, ಕೈ ಬಿದ್ರ, ಮಾತು ತೊದಲಿದ್ರ ಯಾರನ್ನೂ ಕೇಳಬ್ಯಾಡ್ರಿ. ನನ್ನನ್ನೂ ಕೇಳಬ್ಯಾಡ್ರಿ. ಆಟೋಕ್ಕ ಹಾಕ್ರಿ."

"ಹೂವು ಇಳಿಸುವುದು, ಜನ ಹತ್ತಿಸುವುದು," ಎಂದ ಸಿಲ್ವೆಸ್ಟರ್. "ಬಾಡಿಗೆ ಆಮೇಲೆ. ಚರ್ಚೆ ಮಾಡುವವರಿಗೆ ಸೀಟು ಇಲ್ಲ, ಆಯ್ತಾ?"

ಮಲ್ಲಿನಾಥ ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡ.

ಮಾತ್ರೆ ಎಲ್ಲವನ್ನೂ ತಡೆಯುವುದಿಲ್ಲ. ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಯಮನವ್ವನ ಬೆರಳ ನಡುವಿನ ಗಂಟು ಸಡಿಲವಾಯಿತು. ಎಡಗೈ ಮಡಿಲಿಗೆ ಬಿತ್ತು, ಅದರ ಜೊತೆ ಮೊಗ್ಗುಗಳೂ ಬಿದ್ದವು.

"ಯಮನಕ್ಕಾ, ನಗಿ ನೋಡುವಾ," ಎಂದಳು ಪಕ್ಕದ ಕುಶಲಾ.

ಅರ್ಧ ಮುಖ ಮಾತ್ರ ನಕ್ಕಿತು.

ಸಿಲ್ವೆಸ್ಟರ್ ಆಗಲೇ ಬುಟ್ಟಿಗಳನ್ನು ಇಳಿಸುತ್ತಿದ್ದ. ಉಡುಪಿಯ ಬಸ್ಸಿಗೆ ಹೋಗಬೇಕಿದ್ದ ಮಲ್ಲಿಗೆ ಬಿಸಿಲಲ್ಲಿ ಉಳಿಯಿತು. "ಬಾಡಿದರೆ ಬಾಡಲಿ, ಹೋಗಿ, ಹೋಗಿ," ಎಂದು ಬರ್ತಾ ಬಾಯಿ ಗೇಟು ತೆರೆದು ಹಿಡಿದರು. ಕರಿಬಸವ ಅವ್ವನನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡ.

"ಎಣ್ಣಿ... ಎಣ್ಣಿ..." ಎಂದು ಅವಳು ತೊದಲಿದಳು. ಹೆದರಿಕೆ ಅವಳನ್ನೂ ಹಿಡಿದಿತ್ತು.

ಗೇಟಿನ ನಡುವೆ ಮಲ್ಲಿನಾಥ ಬಂದು ನಿಂತ.

"ಕೇಳಿದೇನಲೇ? ನಿಮ್ಮವ್ವನೇ ಎಣ್ಣಿ ಕೇಳಾಕತ್ತಾಳ! ಸೂಜಿ ಚುಚ್ಚಿಸಿ ಅಪ್ಪನ್ನ ತಿಂದಿ, ಈಗ ಇವಳನ್ನೂ ತಿಂತಿ? ಏಳನೇತ್ತಾ ಕಲತಾಂವಗ ಏನಲೇ ಗೊತ್ತು? ಹೇಳು! ಬಾಯಿ ಬಿಡು!"

ಹೆಂಗಸರೆಲ್ಲ ನೋಡುತ್ತಿದ್ದರು. ವರ್ಷದಿಂದ ಕಾಯ್ದಿಟ್ಟಿದ್ದ ಉತ್ತರ ಕರಿಬಸವನ ನಾಲಗೆಯ ತುದಿಯಲ್ಲಿತ್ತು. ಇಡೀ ಅಂಗಳವೇ ಒಪ್ಪುವಂಥ ಉತ್ತರ ಅದು. ಅಪ್ಪ ಮಲಗಿದ್ದಾಗಲೂ ಕರಿಬಸವನ ಬಳಿ ಒಳ್ಳೊಳ್ಳೆಯ ಉತ್ತರಗಳೇ ಇದ್ದವು; ಅವನ್ನು ಹೇಳುತ್ತಲೇ ಬಿಸಿಲು ನೆತ್ತಿಗೇರಿತ್ತು.

ಅವನು ಅವ್ವನ ಬಿದ್ದ ಕೈಯನ್ನು ತನ್ನ ಎದೆಗೆ ಒತ್ತಿಕೊಂಡ. ದೊಡ್ಡಪ್ಪನ ಪಕ್ಕದಿಂದ ಹಾದು, ಬಾಯಿ ಬಿಡದೆ, ಆಟೋದ ಕಡೆಗೆ ನಡೆದುಹೋದ.